ಎಪ್ಪತ್ತೊಂದು ನಿಮಿಷ, ಮೂವತ್ತೈದು ಸೆಕೆಂಡು

ದಾವಣಗೆರೆಯಲ್ಲಿ ಕೂತು ಹಾರುವ ಯಂತ್ರಗಳ ಕೆಲಸ ಮಾಡ್ತೀನಿ ಅಂದರೆ ನೆಂಟರು ಕೇಳುವುದು ಒಂದೇ: "ಚಳ್ಳಕೆರೇಲಿ ಇಳಿಸಿದ್ರಲ್ಲ, ಅದು ನಿಮ್ದೇನಾ?" ಅಲ್ಲ. 2023ರ ಏಪ್ರಿಲ್ 2ರಂದು ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಮರುಬಳಕೆ ಉಡಾವಣಾ ವಾಹನದ ಮಾದರಿ ತಾನೇ ರನ್‌ವೇಗೆ ಬಂದು ಇಳಿದದ್ದು ಇಸ್ರೋದವರ ಕೆಲಸ. ನಮ್ಮದು ಆರು ಜನರ ತಂಡ. ಸರ್ವೆ ಡ್ರೋನಿನ ಹಾರಾಟ ನಿಯಂತ್ರಿಸುವ ಬೋರ್ಡಿಗೆ ಫರ್ಮ್‌ವೇರ್, ಅಂದರೆ ಅದರೊಳಗೆ ಕೂತು ಓಡುವ ಸಾಫ್ಟ್‌ವೇರ್, ಬರೆಯುತ್ತೇವೆ. ತಂಡಕ್ಕೆ ಲೀಡ್ ನಾನು.

ಲೀಡ್ ಆದ ಮೊದಲ ವರ್ಷ ಎಲ್ಲರ ಕೋಡನ್ನೂ ನಾನೇ ನೋಡುತ್ತಿದ್ದೆ. ನನ್ನ ಕೋಡನ್ನು ಯಾರೂ ನೋಡುತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಜಗಳೂರು ಕಡೆಯ ಬಯಲಿಗೆ ಹೋಗಿದ್ದೆವು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಡ್ರೋನ್ ಹಾರಿಸಬಹುದಾದ ಹಸಿರು ವಲಯ, ಸುತ್ತ ಖಾಲಿ ಹೊಲ. ಬ್ಯಾಟರಿ ಹಾಕಿ ಬೋರ್ಡ್ ಆನ್ ಮಾಡಿದೆವು. ಗಾಳಿ ಮಾತ್ರ ಇಳಿಯಲೊಲ್ಲದು. ಹೊಲದ ಯಜಮಾನರು ಬದುವಿನ ಮೇಲೆ ಕೂತು, "ಇದು ಇಳಿಯೋದು ಶ್ರಾವಣಕ್ಕೇ ಕಣಪ್ಪ" ಎಂದರು. ಬುತ್ತಿ ಬಿಚ್ಚಿ ತಿಂಡಿ ತಿಂದೆವು. ಆಮೇಲೆ ನೋಡಿದರೆ ಬೋರ್ಡಿನ ಮೇಲೆ ಕೆಂಪು ದೀಪ: ರೇಡಿಯೋ ಸಂಪರ್ಕ ಕಡಿದಿದೆ. ರಿಮೋಟ್ ಇದ್ದದ್ದು ಮೂರು ಅಡಿ ದೂರದಲ್ಲಿ! ಆರಿಸಿ ಹಚ್ಚಿದೆವು, ಸರಿಹೋಯಿತು. ಆಂಟೆನಾ ಕೇಬಲ್ ಸಡಿಲ ಇರಬೇಕು ಎಂದು ನಾನೇ ತೀರ್ಪು ಕೊಟ್ಟೆ. ಆರಿಸಿ ಹಚ್ಚಿದರೆ ಸರಿಹೋಗುವ ರೋಗದಷ್ಟು ಮೋಸದ್ದು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ.

ಎರಡು ವಾರದ ನಂತರ ಅದೇ ಬಯಲು, ಅದೇ ಕೆಂಪು ದೀಪ. ಕೇಬಲ್ ಹೊಸದು.

ಆಗ ನಮ್ಮ ಕೋಡ್ ರಿವ್ಯೂ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಸ್ಲೈಡ್ ಹಾಕಿಕೊಂಡು. ಇಲ್ಲಿಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬಂದಿದ್ದ, ಸೇರಿ ಐದು ತಿಂಗಳಾದ ಹುಡುಗಿಯೊಬ್ಬಳು ಅಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಮೆಲ್ಲಗೆ ಹೇಳಿದಳು: "ಸರ್, ಎರಡು ಸಲಾನೂ ನಾವು ತಿಂಡಿ ತಿಂದಾದ ಮೇಲೇ ಆಗಿದ್ದು." ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಆಫೀಸಿಗೆ ಬಂದವಳೇ ಎರಡೂ ದಿನ ಬೋರ್ಡ್ ಬರೆದಿಟ್ಟ ದಾಖಲೆ, ಅಂದರೆ ಲಾಗ್, ತೆರೆದು ಅಕ್ಕಪಕ್ಕ ಇಟ್ಟಳು. ಎರಡರಲ್ಲೂ ದೀಪ ಕೆಂಪಾದದ್ದು ಆನ್ ಆದ 4294ನೇ ಸೆಕೆಂಡಿನಲ್ಲಿ.

ಆ ಸಂಖ್ಯೆ ಕಂಡ ಕೂಡಲೇ ನನ್ನ ಮುಖ ಇಳಿಯಿತು. ಬೋರ್ಡಿನ ಗಡಿಯಾರವಾದ ನಮ್ಮ ಟೈಮರ್ 32 ಬಿಟ್ಟಿನದು, ಎಣಿಸುವುದು ಮೈಕ್ರೋಸೆಕೆಂಡಿನಲ್ಲಿ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು). 4,29,49,67,296 ಎಣಿಕೆಗೆ, ಅಂದರೆ 71 ನಿಮಿಷ 35 ಸೆಕೆಂಡಿಗೆ, ತುಂಬಿ ಮತ್ತೆ ಸೊನ್ನೆ. ರಿಮೋಟಿನಿಂದ ಸಂಕೇತ ಬಂದಾಗಲೆಲ್ಲ 'ಈಗಿನ ಹೊತ್ತಿಗೆ ಅರ್ಧ ಸೆಕೆಂಡ್ ಕೂಡಿಸು, ಅದು ಗಡುವು. ಗಡಿಯಾರ ಗಡುವು ದಾಟಿದರೆ ಸಂಪರ್ಕ ಹೋಯಿತು' ಎಂದು ಬರೆದಿತ್ತು. ತುಂಬುವುದಕ್ಕೆ ಅರ್ಧ ಸೆಕೆಂಡ್ ಇರುವಾಗ ಕೂಡಿಸಿದ ಗಡುವು ಸುತ್ತು ಹಾಕಿ ಪುಟ್ಟ ಸಂಖ್ಯೆಯಾಗುತ್ತದೆ, ಗಡಿಯಾರ ಅದನ್ನು ಆಗಲೇ ದಾಟಿರುತ್ತದೆ. ಲ್ಯಾಬಿನಲ್ಲಿ ಇಪ್ಪತ್ತು ನಿಮಿಷ ಮೀರಿ ಬೋರ್ಡ್ ಓಡಿಸಿದವರೇ ಇರಲಿಲ್ಲ. ಆ ಸಾಲು ಬರೆದವನು ನಾನು. ನೆಲದ ಮೇಲೆ ಆಯಿತು, ಬಚಾವಾದೆವು.

ಇದು ಹೊಸ ಜಾತಿಯ ತಪ್ಪೇನಲ್ಲ. ಬೋಯಿಂಗ್ 787ರ ಜನರೇಟರ್ ನಿಯಂತ್ರಕಗಳ ಎಣಿಕೆ ಸತತ 248 ದಿನ ಆನ್ ಇದ್ದರೆ ತುಂಬಿಹೋಗುತ್ತದೆ, ಅಷ್ಟರೊಳಗೆ ಒಮ್ಮೆ ವಿದ್ಯುತ್ ಆರಿಸಿ ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆದೇಶ ಹೊರಡಿಸಿತ್ತು. ಅದನ್ನು ಓದಿಯೂ ನಾನು ಹಾಗೆ ಬರೆದಿದ್ದೆ.

ರಿಪೇರಿ ಒಂದೇ ಸಾಲು. ಗಡುವು ಕೂಡಿಸುವ ಬದಲು 'ಈಗಿನದರಲ್ಲಿ ಹಿಂದಿನದನ್ನು ಕಳೆ, ಅರ್ಧ ಸೆಕೆಂಡಿಗಿಂತ ಹೆಚ್ಚಾ ನೋಡು.' ಚಿಹ್ನೆಯಿಲ್ಲದ (ಋಣವಾಗದ) ಸಂಖ್ಯೆಗಳ ವ್ಯವಕಲನ ಸುತ್ತು ದಾಟಿದರೂ ತಪ್ಪುವುದಿಲ್ಲ. ಪರೀಕ್ಷೆಗೆ ಲಿನಕ್ಸ್‌ನ ಉಪಾಯ ಎತ್ತಿಕೊಂಡೆವು: ಅಲ್ಲಿ ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿನ, ಗಡಿಯಾರ ಬೇಕೆಂದೇ ಬೂಟ್ ಆದ ಐದು ನಿಮಿಷಕ್ಕೆ ತುಂಬುವಂತೆ ಇಟ್ಟಿದ್ದಾರೆ. ನಮ್ಮದು ಒಂದೇ ನಿಮಿಷಕ್ಕೆ ತುಂಬುತ್ತದೆ, ತಪ್ಪಿದ್ದರೆ ಲ್ಯಾಬಿನಲ್ಲೇ ಸಿಕ್ಕಿಬೀಳುತ್ತದೆ.

ಸಾಲಿಗಿಂತ ಕಷ್ಟವಾದದ್ದು ತಂಡದ ರೂಢಿ ಬದಲಿಸುವುದು. ಪ್ರಯಾಣಿಕ ವಿಮಾನಗಳ ಸಾಫ್ಟ್‌ವೇರಿಗೆ ಡಿಒ-178ಸಿ ಎಂಬ ಕಟ್ಟುಪಾಡಿದೆ. ತಪ್ಪಿದರೆ ಎಷ್ಟು ಅನಾಹುತ ಎನ್ನುವುದರ ಮೇಲೆ 'ಎ'ಯಿಂದ 'ಇ'ವರೆಗೆ ಮಟ್ಟಗಳು, 'ಎ' ಎಲ್ಲಕ್ಕಿಂತ ಮೇಲಿನದು. ಮೇಲಿನ ಮಟ್ಟಗಳಲ್ಲಿ ಹಲವು ಪರಿಶೀಲನೆಗಳನ್ನು ಬರೆದವನೇ ಮಾಡುವಂತಿಲ್ಲ. ನಮ್ಮ ಡ್ರೋನಿಗೆ ಆ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ, ಆದರೂ ಆ ಒಂದು ನಿಯಮವನ್ನು ನಮ್ಮ ಮೇಲೆ ಹೇರಿಕೊಂಡೆವು. ಮೊದಲು ನನ್ನ ಮೇಲೆ. ಸ್ಲೈಡ್ ಬಿಟ್ಟು ಕನ್ನಡದಲ್ಲೇ ರಿವ್ಯೂ ಶುರು ಮಾಡಿದೆವು. ಟೈಮರ್, ಇಂಟರಪ್ಟ್ ಹಾಗೇ ಇರುತ್ತವೆ, "ಇದ್ಯಾಕೆ ಹಿಂಗೆ?" ಅನ್ನುವುದು ಮಾತ್ರ ಕನ್ನಡದಲ್ಲಿ. ಬೆಂಗಳೂರಿನ ಮ್ಯಾನೇಜರ್ ಮೂಗು ಮುರಿದರು. ವರದಿ ಇಂಗ್ಲಿಷಿನಲ್ಲೇ ಕಳಿಸುತ್ತೇವೆ ಎಂದ ಮೇಲೆ ಸುಮ್ಮನಾದರು.

ಸಿಕ್ಕ ತಪ್ಪುಗಳಿಗೊಂದು ನೋಟ್‌ಬುಕ್ ಇದೆ. ಹುಡುಗರು ದುರ್ಗದ ಕಡೆಯವರು, ರಟ್ಟಿನ ಮೇಲೆ 'ಕಿಂಡಿ' ಎಂದು ಬರೆದಿದ್ದಾರೆ. ಅದರಲ್ಲಿ ಬರೆದವರ ಹೆಸರಿಲ್ಲ, ತಪ್ಪು ಹೇಗೆ ನುಸುಳಿತು ಅನ್ನುವುದಷ್ಟೇ ಇದೆ.

ಮೊನ್ನೆ ನನ್ನ ನಲವತ್ತು ಸಾಲಿನ ಕೋಡಿಗೆ ಆ ಹುಡುಗಿ ಹನ್ನೊಂದು ಪ್ರಶ್ನೆ ಹಾಕಿದ್ದಾಳೆ. ಮೂರಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.