ಅರ್ಧ ಮಿಲಿಮೀಟರ್ ಒತ್ತಿದ್ದಕ್ಕೆ

ಪೊರೆ ಆಪರೇಷನ್ ಆಗಿ ತಿಂಗಳಿಗೆ ಚೆಕಪ್‌ಗೆ ಬಂದ ಯಜಮಾನರು ಬಲು ಖುಷಿಯಲ್ಲಿದ್ದರು. "ಕನ್ನಡಕ ಇಲ್ದೆ ಪೇಪರ್ ಓದ್ತೀನಿ ಕಣಪ್ಪ!" ನನ್ನ ಎದೆ ಧಸಕ್ಕೆಂದಿತು. ದೂರ ಕಾಣಲೆಂದು ಲೆನ್ಸ್ ಹಾಕಿಸಿಕೊಂಡವರಿಗೆ ಬರಿಗಣ್ಣಲ್ಲಿ ಪೇಪರ್ ಅಷ್ಟು ಸಲೀಸಾಗಿ ಓದಲಿಕ್ಕೆ ಬರಬಾರದು. "ಬಸ್ಸಿನ ಬೋರ್ಡು ಕಾಣುತ್ತಾ?" ಅಂದೆ. "ಅದೇ ಸ್ವಲ್ಪ ಮಂಜು ಮಂಜು." ನೋಡಿದರೆ ಮೈನಸ್ ಒಂದೂವರೆ. ಆ ಕಣ್ಣನ್ನು ಅಳೆದವನು ನಾನು. ಡಾಕ್ಟರು ಹಾಕಿದ್ದು ನಾನು ಬರೆದುಕೊಟ್ಟ ನಂಬರಿನ ಲೆನ್ಸೇ.

ಆಗ ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಅಳೆಯುವವನು, ಆಗಿ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಲೆಕ್ಕ ತಪ್ಪಿರಬೇಕೆಂದು ಫೈಲ್ ತೆಗೆದು ಕೂತೆ. ಯಂತ್ರದೊಳಗೆ ಲೆನ್ಸಿನ ಪವರ್ ಲೆಕ್ಕಹಾಕುವ ಎಸ್‌ಆರ್‌ಕೆ-ಟಿ ಸೂತ್ರ ಓಡುತ್ತೆ, ಆದರೆ ಅದರ ಅಣ್ಣನಂಥ ಹಳೆಯ ಎಸ್‌ಆರ್‌ಕೆ ಕೈಲೆಕ್ಕಕ್ಕೆ ಸುಲಭ: ಲೆನ್ಸ್ ಡಬ್ಬಿಯ ಮೇಲಿರುವ 'ಎ' ಸ್ಥಿರಾಂಕದಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟು, ಆಮೇಲೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಸರಾಸರಿ ಪವರಿನ 0.9 ಪಟ್ಟು ಕಳೆಯಬೇಕು. 'ಎ' 118.4, ಉದ್ದ 22.8 ಮಿ.ಮೀ., ಕಾರ್ನಿಯಾ 44. ಅಂದರೆ 118.4ರಿಂದ 57, ಆಮೇಲೆ 39.6 ಹೋದರೆ 21.8. ಬರೆದುಕೊಟ್ಟದ್ದೂ ಹೆಚ್ಚುಕಡಿಮೆ ಅದನ್ನೇ. ಲೆಕ್ಕ ಸರಿ ಇತ್ತು.

ತಪ್ಪಿದ್ದು 22.8. ಪಕ್ಕದ ಕಣ್ಣನ್ನು ಮತ್ತೆ ಅಳೆದೆ, ಈ ಸಲ ಸೀನಿಯರ್ ಹಿಂದೆ ನಿಂತಿದ್ದರು. 23.3 ಬಂತು, ಎರಡು ಕಣ್ಣಿನ ಉದ್ದ ಸಾಮಾನ್ಯವಾಗಿ ಅಷ್ಟು ಬೇರೆ ಇರುವುದಿಲ್ಲ. "ಮೊದಲ ಸಲ ಒತ್ತಿದೀಯಪ್ಪಾ" ಅಂದರು, ಅಷ್ಟೆ. ನಮ್ಮದು ಎ-ಸ್ಕ್ಯಾನ್, ಪೆನ್ನಿನಂಥ ಪ್ರೋಬನ್ನು ಕಣ್ಣಿಗೆ ತಾಗಿಸಿ ಶಬ್ದದ ಅಲೆಯಿಂದ ಅಳೆಯುವುದು. ಬೆರಳು ಚೂರು ಭಾರವಾದರೆ ಕಾರ್ನಿಯಾ ಒಳಗೆ ತಗ್ಗಿ ಕಣ್ಣು ಗಿಡ್ಡ ಅನ್ನಿಸಿಬಿಡುತ್ತೆ. ಸೂತ್ರ ಪಾಪ, ಗಿಡ್ಡ ಕಣ್ಣೆಂದು ಹೆಚ್ಚು ಪವರ್ ಕೊಡುತ್ತೆ. ಒಂದು ಮಿಲಿಮೀಟರಿಗೆ ಎರಡೂವರೆ ಡಯಾಪ್ಟರಿನಷ್ಟು (ಲೆನ್ಸ್ ಪವರಿನ ಅಳತೆ) ಪೆಟ್ಟು.

ಅವತ್ತಿಂದ ಪ್ರಿಂಟ್‌ಔಟ್‌ನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಉದ್ದಕ್ಕಲ್ಲ, ಮುಂಗೋಣೆಯ, ಅಂದರೆ ಕಾರ್ನಿಯಾಕ್ಕೂ ಲೆನ್ಸಿಗೂ ನಡುವಿನ ಜಾಗದ, ಆಳಕ್ಕೆ. ಹತ್ತು ರೀಡಿಂಗ್‌ಗಳಲ್ಲಿ ಕೆಲವು 2.9, ಕೆಲವು 2.5 ಇದ್ದರೆ ಆ 2.5ರಲ್ಲಿ ನಾನು ಒತ್ತಿದ್ದೇನೆ, ಅಳಿಸುತ್ತೇನೆ. ಪರದೆಯ ಮೇಲೆ ಎದ್ದುನಿಲ್ಲುವ ಗೆರೆಗಳಲ್ಲಿ ಕಣ್ಣಿನ ಹಿಂಬದಿಯ ರೆಟಿನಾದ್ದು ಕಂಬದ ಹಾಗೆ ನೆಟ್ಟಗೆ ಏಳಬೇಕು. ಮೆಟ್ಟಿಲಿನಂತೆ ಹತ್ತಿದರೆ ಪ್ರೋಬ್ ಓರೆಯಾಗಿದೆ. ಕಿರುಬೆರಳನ್ನು ರೋಗಿಯ ಕೆನ್ನೆಗೆ ಊರಿ, ಕಣ್ಣೀರಿನ ಪಸೆಗೆ ತಾಗಿತೋ ಇಲ್ಲವೋ ಎನ್ನುವಷ್ಟಕ್ಕೆ ನಿಲ್ಲಿಸುವುದು ಕೈಗೆ ಹತ್ತಲು ನನಗೆ ಐದಾರು ತಿಂಗಳೇ ಬೇಕಾಯಿತು. ಕಾರ್ನಿಯಾದ ಬಾಗು ಅಳೆಯುವ ಕೆರಾಟೊಮೀಟರ್ ಯಾವಾಗಲೂ ಮೊದಲು. ಮರಗಟ್ಟಿಸುವ ಡ್ರಾಪ್ಸ್ ಬಿಟ್ಟು ಪ್ರೋಬ್ ತಾಗಿಸಿದ ಮೇಲೆ ಕಾರ್ನಿಯಾ ಕದಡಿ, ಅದರಲ್ಲಿ ಕಾಣುವ ಪ್ಲಸ್ ಗುರುತುಗಳು ಒಂದರ ಮೇಲೊಂದು ಕೂರುವುದೇ ಇಲ್ಲ.

ಬೆಳಕಿನಿಂದ ಅಳೆಯುವ ಯಂತ್ರ ಈಗ ನಮ್ಮಲ್ಲೂ ಇದೆ. ಕಣ್ಣು ಮುಟ್ಟುವ ಹಾಗೇ ಇಲ್ಲ, ಆರಾಮ. ಆದರೆ ಹಳ್ಳಿಗಳಿಂದ ಪೊರೆ ಪೂರ್ತಿ ಬಲಿತು ಬೆಳ್ಳಗಾದ ಮೇಲೆಯೇ ಬರುವವರು ಇದ್ದಾರೆ, ಅದರೊಳಗೆ ಬೆಳಕು ತೂರುವುದಿಲ್ಲ. ಮತ್ತೆ ಪ್ರೋಬೇ ಗತಿ.

ಯಂತ್ರ ಕೇಳದ ಒಂದು ಪ್ರಶ್ನೆಯನ್ನೂ ನಾನು ಕೇಳುತ್ತೇನೆ: "ಅಜ್ಜಿ, ವಯಸ್ಸಲ್ಲಿದ್ದಾಗ ಕನ್ನಡಕ ಇತ್ತಾ?" ಎಳೆವಯಸ್ಸಿನಿಂದ ದಪ್ಪ ಮೈನಸ್ ಇದ್ದವರ ಕಣ್ಣು ಸಾಮಾನ್ಯವಾಗಿ ಉದ್ದ, ಅದು 22 ಬಂದರೆ ಎಲ್ಲೋ ತಪ್ಪಿದೆ. ಇತ್ತೀಚಿನ ಕನ್ನಡಕವನ್ನು ಮಾತ್ರ ನಂಬಬಾರದು, ಪೊರೆ ಗಟ್ಟಿಯಾಗುತ್ತಾ ತಾನೇ ಮೈನಸ್ ತರುತ್ತೆ. "ಈಗೀಗ ಸೂಜಿಗೆ ದಾರ ಬರಿಗಣ್ಣಲ್ಲೇ ಪೋಣಿಸ್ತೀನಿ" ಅಂತ ಹೆಮ್ಮೆಪಡುವವರೆಲ್ಲ ಆ ಪೈಕಿ. ಲೇಸರ್ ಮಾಡಿಸಿ ಮೈನಸ್ ಕನ್ನಡಕ ತೆಗೆಸಿಕೊಂಡವರು ಅದನ್ನು ಹೇಳಲೇಬೇಕು, ಅವರಿಗೆ ಈ ಮಾಮೂಲಿ ಸೂತ್ರ ಕಡಿಮೆ ಪವರ್ ಕೊಟ್ಟು ಪ್ಲಸ್‌ಗೆ ತಳ್ಳುತ್ತೆ.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊಟ್ಟಮೊದಲ ಕೃತಕ ಲೆನ್ಸ್ ಹಾಕಿದಾಗ ಆ ರೋಗಿಗೆ ಭಾರಿ ಮೈನಸ್ ಬಂದಿತ್ತಂತೆ. ಸೀನಿಯರ್ ನನ್ನ ಸಮಾಧಾನಕ್ಕೆ ಹೇಳಿದ್ದು. ನನಗೇನೂ ಸಮಾಧಾನವಾಗಲಿಲ್ಲ, ರಿಡ್ಲಿಯ ಬಳಿ ಎ-ಸ್ಕ್ಯಾನ್ ಇರಲಿಲ್ಲವಲ್ಲ.

ಯಜಮಾನರಿಗೆ ಡಾಕ್ಟರು ಇದ್ದದ್ದು ಇದ್ದ ಹಾಗೆ ಹೇಳಿ, ದೂರಕ್ಕೆ ಕನ್ನಡಕ ಬರೆದರು. ಇನ್ನೊಂದು ಕಣ್ಣಿನ ಆಪರೇಷನ್‌ಗೆ ಬಂದಾಗ ನಾನೇ ಮೂರು ಸಲ ಅಳೆದೆ. ಆಮೇಲೆ ಹೆಚ್ಚುಕಡಿಮೆ ಸೊನ್ನೆ ಬಂತು. ಈಗ ಅವರು ಕನ್ನಡಕ ಜೇಬಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. "ಈ ಕಣ್ಣು ಪೇಪರಿಗೆ, ಆ ಕಣ್ಣು ಬಸ್ಸಿಗೆ."