ಕಾರಣ ಕಾಣದ ಕಿಬ್ಬೊಟ್ಟೆ ನೋವು: ಪರೀಕ್ಷೆಯ ಚೀಟಿಗಿಂತ ಮೊದಲು ನಾನು ಮಾಡುವುದು

ಸ್ಕ್ಯಾನಿಂಗ್ ಸರಿಯಾಗಿದೆ, ರಕ್ತ ಪರೀಕ್ಷೆ ಸರಿಯಾಗಿದೆ, ಆದರೂ ಆರು ತಿಂಗಳಿನಿಂದ ಕಿಬ್ಬೊಟ್ಟೆ ನೋವು ಬಿಟ್ಟಿಲ್ಲ ಎಂದು ಬರುವ ಹೆಣ್ಣುಮಕ್ಕಳಿಗೆ ನಮ್ಮ ದಾವಣಗೆರೆಯಲ್ಲಿ ಸಾಮಾನ್ಯವಾಗಿ ಸಿಗುವುದು ಇನ್ನೊಂದು ಸ್ಕ್ಯಾನಿಂಗ್, ಇನ್ನೊಂದು ಸುತ್ತು ಆಂಟಿಬಯೋಟಿಕ್, ಕೊನೆಗೆ ಗರ್ಭಕೋಶ ತೆಗೆಸುವ ಸಲಹೆ. ನನ್ನ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲ ಭೇಟಿಯಲ್ಲಿ ಕೂರಿಸಿ ಕೇಳಿ, ಮುಟ್ಟಿ ನೋಡಿ, ಪರೀಕ್ಷೆಗಳನ್ನು ಆಮೇಲೆ ಬರೆಯಲು ತೊಡಗಿದಾಗ ಜೊತೆಯ ವೈದ್ಯರು ನಕ್ಕರು. ಚೀಟಿಯಲ್ಲಿ ನಾಲ್ಕು ಪರೀಕ್ಷೆ ಇಲ್ಲದಿದ್ದರೆ ಜಗಳೂರಿನಿಂದ ಬಸ್ಸು ಹಿಡಿದು ಬಂದವರು ನಿಮ್ಮನ್ನು ಡಾಕ್ಟರ್ ಎಂದೇ ಒಪ್ಪುವುದಿಲ್ಲ ಎಂದು ಹಿರಿಯರೊಬ್ಬರು ಹೇಳಿದ್ದರು. ಏಳೆಂಟು ವರ್ಷಗಳು ಕಳೆದಿವೆ. ಈಗ ಅವರೇ ಕೈಗೆ ಹತ್ತದ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ, ಹಾಗಾಗಿ ಇದನ್ನು ಬರೆದಿಡಬಹುದು ಎನಿಸಿದೆ.

ನನ್ನ ಮುಂದೆ ಕೂರುವ ಹೊತ್ತಿಗೆ ಬಹುಪಾಲು ರೋಗಿಗಳು ಹದಿನೈದರಿಂದ ಇಪ್ಪತ್ತೈದು ಸಾವಿರ ರೂಪಾಯಿ ಕಳೆದುಕೊಂಡಿರುತ್ತಾರೆ. ಬಟ್ಟೆ ಅಂಗಡಿಯ ಚೀಲದ ತುಂಬ ವರದಿಗಳಿರುತ್ತವೆ: ಒಂದೇ ವರ್ಷದಲ್ಲಿ ಮೂರು ನಾಲ್ಕು ಸ್ಕ್ಯಾನಿಂಗ್, ಅವುಗಳಲ್ಲಿ ಗರ್ಭಕೋಶ ಸ್ವಲ್ಪ ದಪ್ಪ, ಸೋಂಕಿನ ಶಂಕೆ ಎಂಬ ಒಂದು ಸಾಲು, ಆ ಒಂದು ಸಾಲನ್ನು ನೆಚ್ಚಿ ನಡೆದ ಆಂಟಿಬಯೋಟಿಕ್ ಸುತ್ತುಗಳು. ಮೂವತ್ತರ ಹರೆಯದವರಿಗೆ ಅಂಡಾಶಯದ ಕ್ಯಾನ್ಸರಿಗೆಂದು ನೋಡುವ ಸಿಎ-125 ರಕ್ತ ಪರೀಕ್ಷೆ ಬರೆದು, ಅದು 35ರ ಗೆರೆಯನ್ನು ತುಸು ದಾಟಿದ್ದಕ್ಕೆ ಇಡೀ ಮನೆಯನ್ನು ಕ್ಯಾನ್ಸರಿನ ಭಯಕ್ಕೆ ದೂಡಿದ ಪ್ರಸಂಗಗಳನ್ನು ಕಂಡಿದ್ದೇನೆ. ಮುಟ್ಟಿನ ದಿನಗಳಲ್ಲಿಯೂ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿಯೂ, ಗರ್ಭಕೋಶದ ಗಂಟಾದ ಫೈಬ್ರಾಯ್ಡ್‌ನಲ್ಲಿಯೂ ಏರುವ ಆ ಅಂಕಿಯಿಂದ ಈ ವಯಸ್ಸಿನಲ್ಲಿ ಯಾವ ನಿರ್ಧಾರವೂ ಸುಲಭವಾಗುವುದಿಲ್ಲ. ಐವತ್ತು ದಾಟಿದವರಲ್ಲಿ ಹೊಸದಾಗಿ ಹೊಟ್ಟೆಯುಬ್ಬರ, ನೋವು ಶುರುವಾದರೆ ಮಾತು ಬೇರೆ, ಅಲ್ಲಿ ನಾನು ತಡಮಾಡದೆ ಬರೆಯುತ್ತೇನೆ. ಗರ್ಭಕೋಶದ ಒಳಪದರದ ಟಿಬಿ ಪಿಸಿಆರ್ (ಕ್ಷಯಾಣುವಿನ ಅಂಶ ಹುಡುಕುವ ಪರೀಕ್ಷೆ) ಒಂದನ್ನೇ ನಂಬಿ ಆರು ತಿಂಗಳು ಕ್ಷಯದ ಮಾತ್ರೆ ನುಂಗಿದವರದು ಇನ್ನೊಂದು ಗುಂಪು. ನಮ್ಮಲ್ಲಿ ಜನನಾಂಗದ ಕ್ಷಯ ಇದ್ದೇ ಇದೆ, ಮರೆಯುವಂತಿಲ್ಲ. ಆದರೆ ಮಕ್ಕಳಾಗದಿರುವುದು, ಮುಟ್ಟು ಕಡಿಮೆಯಾಗುವುದು, ಜ್ವರ, ತೂಕ ಇಳಿಯುವುದು, ಸ್ಕ್ಯಾನಿಂಗ್‌ನಲ್ಲಿ ಗರ್ಭನಳಿಕೆಯ ಬದಲಾವಣೆ, ಇವು ಯಾವುವೂ ಇಲ್ಲದಾಗ ಒಂಟಿ ಪಾಸಿಟಿವ್ ವರದಿಯ ಮೇಲೆ ನಾನು ಚಿಕಿತ್ಸೆ ಹಿಡಿಯುವುದಿಲ್ಲ.

ಗುರುವಾರ ಮಧ್ಯಾಹ್ನವನ್ನು ಈ ನೋವಿಗೆಂದೇ ಮೀಸಲಿಟ್ಟಿದ್ದೇನೆ. ಒಬ್ಬರಿಗೆ ಮುಕ್ಕಾಲು ಗಂಟೆ. ಅಂಗಾತ ಮಲಗಿಸಿ, ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಹೇಳುತ್ತೇನೆ. ಅಂಗೈಯಿಂದ ಇಡೀ ಕಿಬ್ಬೊಟ್ಟೆಯನ್ನು ಸವರಿದರೆ ನನ್ನ ಯೋಚನೆ ಒಳಗಿನ ಅಂಗಗಳ ಕಡೆ ಹೋಗುತ್ತದೆ, ಸಿಸೇರಿಯನ್ ಗೆರೆಯ ತುದಿಗೆ ನೇರವಾಗಿ ಬೆರಳಿಟ್ಟರೆ ಹೊಟ್ಟೆಯ ಗೋಡೆಯ ಕಡೆ. ಆ ಜಾಗವನ್ನು ಬೆರಳ ತುದಿಯಿಂದ ಅದುಮಿ ಹಿಡಿದು, ಕೈ ಊರದೆ ತಲೆ ಮತ್ತು ಹೆಗಲನ್ನು ಮೇಲೆತ್ತಲು ಹೇಳಿ, ಮುಖವನ್ನು ನೋಡುತ್ತಿರುತ್ತೇನೆ. ಒಳಗಿನ ನೋವಾದರೆ ಬಿಗಿಯಾದ ಸ್ನಾಯು ಅಡ್ಡ ಬಂದು ನೋವು ತಗ್ಗುತ್ತದೆ. ಹೊಟ್ಟೆಯ ಗೋಡೆಯದೇ ನೋವಾದರೆ ಹಾಗೆಯೇ ಉಳಿಯುತ್ತದೆ ಅಥವಾ ಹೆಚ್ಚುತ್ತದೆ. 1926ರಲ್ಲಿ ಶಸ್ತ್ರವೈದ್ಯ ಕಾರ್ನೆಟ್ ಬರೆದಿಟ್ಟ ಈ ಲಕ್ಷಣವನ್ನು ನಾವೆಲ್ಲರೂ ಓದಿದ್ದೇವೆ, ಮಾಡುವವರು ವಿರಳ. ನನ್ನ ಅಂದಾಜಿನಲ್ಲಿ, ವರದಿಯೆಲ್ಲ ಸರಿ ಎಂದು ಬಂದವರಲ್ಲಿ ಐವರಲ್ಲಿ ಒಬ್ಬರ ನೋವು ಇಲ್ಲಿಯೇ ಸಿಕ್ಕಿಬೀಳುತ್ತದೆ, ಅದರಲ್ಲಿಯೂ ಹೆಚ್ಚಿನವು ಸಿಸೇರಿಯನ್ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯ ಗಾಯದ ಆಸುಪಾಸಿನಲ್ಲಿ.

ಸಿಕ್ಕ ಬಿಂದುವಿಗೆ ಮರಗಟ್ಟಿಸುವ ಔಷಧವಾದ ಶೇಕಡಾ ಒಂದರ ಲಿಗ್ನೊಕೇನ್ ಸುಮಾರು ಐದು ಮಿಲಿ ಹಾಕುತ್ತೇನೆ. ಔಷಧದ ಖರ್ಚು ಹತ್ತಿಪ್ಪತ್ತು ರೂಪಾಯಿ ದಾಟುವುದಿಲ್ಲ. ಮೇಜಿನಿಂದ ಇಳಿಯುವ ಮೊದಲೇ ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಅದೇ ಪರೀಕ್ಷೆ, ಅದೇ ಚಿಕಿತ್ಸೆಯ ಆರಂಭ. ಹಲವರಿಗೆ ಎರಡು ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಕೊಟ್ಟರೆ ಸಾಕಾಗುತ್ತದೆ. ಕೆಲವರಿಗೆ ಸಂಜೆಯೊಳಗೆ ನೋವು ಮರಳುತ್ತದೆ, ಅಂಥವರಿಗೆ ಮತ್ತೆ ಮತ್ತೆ ಚುಚ್ಚುವುದರಲ್ಲಿ ಅರ್ಥವಿಲ್ಲ. ಸೂಜಿಯ ತುದಿ ಬಿಂದುವನ್ನು ತಲುಪಿದ್ದು ಹೇಗೆ ತಿಳಿಯುತ್ತದೆ ಎಂದು ಕಿರಿಯರು ಕೇಳುತ್ತಾರೆ. ಅದನ್ನು ಪಕ್ಕದಲ್ಲಿ ನಿಂತವರಿಗೆ ಮಾತ್ರ ತೋರಿಸುತ್ತೇನೆ, ಬರಹದಲ್ಲಿ ಬಿಟ್ಟುಕೊಡುವುದಿಲ್ಲ. ಒಂದು ಎಚ್ಚರಿಕೆಯನ್ನಂತೂ ಹೇಳಬೇಕು. ಗಾಯದ ಬಳಿ ಮುಟ್ಟಿನ ದಿನಗಳಲ್ಲಿಯೇ ಉಬ್ಬಿ ನೋಯುವ ಗಂಟಿದ್ದರೆ ಅದು ಗಾಯದೊಳಗಿನ ಎಂಡೊಮೆಟ್ರಿಯೋಸಿಸ್ ಆಗಿರಬಹುದು. ಅಲ್ಲಿಯೂ ಕಾರ್ನೆಟ್ ಪಾಸಿಟಿವ್ ಬರುತ್ತದೆ, ಲಿಗ್ನೊಕೇನ್‌ನಿಂದ ಸ್ವಲ್ಪ ಹೊತ್ತು ಸುಖವೂ ಸಿಗುತ್ತದೆ, ಆದರೆ ಅದಕ್ಕೆ ಬೇಕಾದದ್ದು ಗೋಡೆಯ ಸ್ಕ್ಯಾನಿಂಗ್ ಮತ್ತು ಸುತ್ತಲಿನ ಅಂಗಾಂಶದೊಡನೆ ಆ ಗಂಟನ್ನು ತೆಗೆಯುವುದು.

ಹೊಟ್ಟೆಯ ಗೋಡೆಯಲ್ಲಿ ಏನೂ ಸಿಗದಿದ್ದರೆ ಒಳಪರೀಕ್ಷೆಗೆ ಒಂದೇ ಬೆರಳನ್ನು ಬಳಸುತ್ತೇನೆ. ಎರಡು ಬೆರಳು ಹಾಕಿ, ಇನ್ನೊಂದು ಕೈಯಿಂದ ಹೊಟ್ಟೆಯನ್ನೂ ಒತ್ತಿದರೆ ನೋವು ಗರ್ಭಕೋಶದ್ದೋ, ಮೂತ್ರಕೋಶದ್ದೋ, ಸ್ನಾಯುವಿನದೋ ಯಾರಿಗೂ ತಿಳಿಯುವುದಿಲ್ಲ. ಕಿಬ್ಬೊಟ್ಟೆಯ ತಳವನ್ನು ಹೊತ್ತ ಲಿವೇಟರ್ ಸ್ನಾಯುವನ್ನು ಎರಡೂ ಬದಿ ಮೆಲ್ಲನೆ ಒತ್ತಿ, ಮಂಡಿಯನ್ನು ನನ್ನ ಕೈಗೆ ವಿರುದ್ಧವಾಗಿ ಹೊರಗೆ ತಳ್ಳಲು ಹೇಳಿ ಸೊಂಟದ ಒಳಬದಿಯ ಆಬ್ಚುರೇಟರ್ ಇಂಟರ್ನಸ್ ಸ್ನಾಯುವನ್ನು ಮುಟ್ಟಿದಾಗ “ಇದೇ ನೋಡ್ರಿ, ಇದೇ ನೋವು” ಎಂದು ಕೂಗಿದವರೆಷ್ಟೋ ಮಂದಿ. ಚನ್ನಗಿರಿ ಕಡೆಯಿಂದ ಅಡಿಕೆ ಸುಲಿಯುವ ಹಂಗಾಮಿನಲ್ಲಿ ಇಂಥವರು ಹೆಚ್ಚಾಗಿ ಬರುತ್ತಾರೆ ಎಂಬುದನ್ನು ಎರಡನೆಯ ವರ್ಷ ಗಮನಿಸಿದೆ. ಮೆಟ್ಟುಗತ್ತಿಯ ಮುಂದೆ ಒಂದು ಮಂಡಿ ಮಡಿಸಿ, ಇನ್ನೊಂದನ್ನು ಎತ್ತಿ, ಬೆಳಗಿನಿಂದ ರಾತ್ರಿಯವರೆಗೆ ಕೂತು ಸುಲಿಯುವ ಕೆಲಸವದು. ಹತ್ತಾರು ಮಂದಿಗೆ ಗೇಣೆತ್ತರದ ಮಣೆಯ ಮೇಲೆ ಕೂರಲು, ಗಂಟೆಗೊಮ್ಮೆ ಕಾಲು ಬದಲಿಸಲು ಹೇಳಿ ನೋಡಿದೆ. ಮಣೆ ಹಾಕಿಕೊಂಡರೆ ಕೈ ಓಡುವುದಿಲ್ಲ, ಸುಲಿದ ಡಬ್ಬದ ಲೆಕ್ಕ ಕಡಿಮೆಯಾಗುತ್ತದೆ, ಕೂಲಿ ಹೋಗುತ್ತದೆ ಎಂದು ಅರ್ಧಕ್ಕಿಂತ ಹೆಚ್ಚು ಮಂದಿ ವಾರದಲ್ಲೇ ಕೈಬಿಟ್ಟರು. ಕಾಲು ಬದಲಿಸುವುದಷ್ಟೇ ಉಳಿಯಿತು, ಅದರಿಂದ ಕೆಲವರಿಗೆ ಗುಣ ಕಂಡದ್ದು ನಿಜ.

ಈ ಸ್ನಾಯುಗಳಿಗೆ ಬೇಕಾದದ್ದು ಸಡಿಲಿಸುವ ವ್ಯಾಯಾಮ. ಊರಿನಲ್ಲಿ ಯಾರನ್ನು ಕೇಳಿದರೂ ತಳದ ಸ್ನಾಯುಗಳನ್ನು ಬಿಗಿಹಿಡಿಯುವ ಕೀಗಲ್ ವ್ಯಾಯಾಮವನ್ನೇ ಹೇಳಿಕೊಡುತ್ತಾರೆ. ಮೊದಲೇ ಬಿಗಿದುಕೊಂಡಿರುವ ಸ್ನಾಯುವನ್ನು ಇನ್ನಷ್ಟು ಬಿಗಿದು ನೋವು ಹೆಚ್ಚಿಸಿಕೊಂಡು ಬಂದವರ ಸಾಲೇ ಇದೆ. ಹೊಟ್ಟೆ ತುಂಬ ಉಸಿರೆಳೆದು ಕೆಳಭಾಗವನ್ನು ಸಡಿಲ ಬಿಡುವುದು, ತೊಡೆಸಂದಿನ ಎಳೆತದ ಆಸನಗಳು, ಒಳಗಿನಿಂದ ಬೆರಳಿನ ನೀವಿಕೆ, ಇಷ್ಟನ್ನು ಕಲಿತ ಹೆಣ್ಣು ಫಿಸಿಯೋಥೆರಪಿಸ್ಟ್ ಸಿಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಮೊದಲು ಸಿಕ್ಕವರು ಒಳಗಿನ ಚಿಕಿತ್ಸೆ ಮಾಡಲು ಒಪ್ಪಲಿಲ್ಲ. ಈಗಿನವರನ್ನು ನನ್ನ ಖರ್ಚಿನಲ್ಲಿಯೇ ಬೆಂಗಳೂರಿಗೆ ತರಬೇತಿಗೆ ಕಳುಹಿಸಿದೆ, ಮೂವತ್ತು ಸಾವಿರದ ಮೇಲಾಯಿತು. ಒಂದು ಸಲಕ್ಕೆ ಮುನ್ನೂರು ರೂಪಾಯಿಯಂತೆ ಆರರಿಂದ ಎಂಟು ಭೇಟಿ ಬೇಕಾಗುತ್ತವೆ. ದೂರದವರು ಮೂರನೆಯ ಭೇಟಿಯ ಹೊತ್ತಿಗೆ ನಿಂತುಬಿಡುತ್ತಾರೆ, ಬಸ್ಸಿನ ಖರ್ಚಿಗಿಂತ ಕೂಲಿ ತಪ್ಪುವುದೇ ಅವರಿಗೆ ದೊಡ್ಡದು.

ಮೂತ್ರಕೋಶವನ್ನು ನಮ್ಮ ಸ್ತ್ರೀರೋಗದವರು ಕಡೆಗಣಿಸುತ್ತಾರೆ. ನಗರದ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಹೆಂಗಸರು ಬೆಂಕಿಯ ಮುಂದೆ ಬೆವರು ಸುರಿಸಿ, ಶೌಚಾಲಯ ಇಲ್ಲವೆಂದು ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ದಿನ ದೂಡುವವರು. ಉರಿಮೂತ್ರವೆಂದು ಕಲ್ಚರ್ (ಮೂತ್ರದಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇಲ್ಲದೆಯೇ ಅವರಿಗೆ ಆಂಟಿಬಯೋಟಿಕ್ ಹೋಗುತ್ತಿರುತ್ತದೆ. ಮೂರು ದಿನ ಎಷ್ಟು ಕುಡಿದರು, ಎಷ್ಟು ಸಲ ಹೋದರು, ಮೂತ್ರಕೋಶ ತುಂಬಿದಾಗ ನೋವು ಹೆಚ್ಚಿ ಹೋದ ಮೇಲೆ ಇಳಿಯುತ್ತದೆಯೇ ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಕಲ್ಚರ್‌ನಲ್ಲಿ ಏನೂ ಬೆಳೆಯದೆ ಕೀವಿನ ಕಣಗಳು ಮಾತ್ರ ಉಳಿದಿದ್ದರೆ ಮೂತ್ರಾಂಗದ ಕ್ಷಯವನ್ನು ಹುಡುಕಲೇಬೇಕು. ಮಲವಿಸರ್ಜನೆಯೊಡನೆ ನೋವು ಬದಲಾಗುವವರದು ಕರುಳಿನ ಲೆಕ್ಕ, ಅವರನ್ನು ಬೇಗ ಫಿಸಿಶಿಯನ್ ಬಳಿ ಕಳುಹಿಸುತ್ತೇನೆ.

ಹಾಗಾದರೆ ಎಲ್ಲರಿಗೂ ಬರೆಯುವ ಪರೀಕ್ಷೆಗಳು ಯಾವುವು? ಗರ್ಭ ಪರೀಕ್ಷೆ, ಮೂತ್ರದ ಸಾಮಾನ್ಯ ಪರೀಕ್ಷೆ ಮತ್ತು ಕಲ್ಚರ್, ರಕ್ತಕಣಗಳ ಎಣಿಕೆ, ಯೋನಿಯ ಮೂಲಕ ಒಂದೇ ಒಂದು ಒಳ್ಳೆಯ ಸ್ಕ್ಯಾನಿಂಗ್. ಒಂದೂವರೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ಕ್ಯಾನಿಂಗ್ ಮಾಡುವವರಿಗೆ ಫೋನ್ ಮಾಡಿ, ಗರ್ಭಕೋಶ ಕರುಳಿನ ಮೇಲೆ ಜಾರುತ್ತದೆಯೇ, ಅಂಡಾಶಯ ಅಂಟಿದೆಯೇ, ಪ್ರೋಬ್ ಒತ್ತಿದಾಗ ಎಲ್ಲಿ ನೋಯುತ್ತದೆ ಎಂದು ನೋಡಿ ಬರೆಯಲು ಕೇಳುತ್ತೇನೆ. ಈ ಫೋನ್ ಕರೆಯಿಂದ ಉಳಿದ ಹಣಕ್ಕೆ ಲೆಕ್ಕವಿಲ್ಲ. ಮದುವೆಯಾಗದ ಹುಡುಗಿಯರಲ್ಲಿ ಹೊಟ್ಟೆಯ ಮೇಲಿನಿಂದ ನೋಡಿ, ಅಗತ್ಯವಿದ್ದರೆ ಒಪ್ಪಿಗೆ ಪಡೆದು ಗುದದ್ವಾರದ ಮೂಲಕ ನೋಡುವಂತೆ ಕೇಳಬಹುದು.

ಮುಟ್ಟಿನೊಡನೆ ಏರುವ ನೋವು, ಸಂಭೋಗದಲ್ಲಿ ಆಳದ ನೋವು, ಮುಟ್ಟಿನ ದಿನಗಳಲ್ಲಿ ಮಲ ಹೋಗುವಾಗ ನೋವು, ಈ ಮೂರೂ ಕೂಡಿದ್ದರೆ, ಸ್ಕ್ಯಾನಿಂಗ್ ಸರಿಯಿದ್ದರೂ ಎಂಡೊಮೆಟ್ರಿಯೋಸಿಸ್ ಎಂದೇ ಹಿಡಿದು ಹಾರ್ಮೋನ್ ಕೊಡುತ್ತೇನೆ. ಹೊಟ್ಟೆಯೊಳಗಿನ ಪೊರೆಯ ಮೇಲೆ ಈ ರೋಗದ ತೆಳು ಚುಕ್ಕೆಗಳು ಸ್ಕ್ಯಾನಿಂಗ್‌ಗೆ ಸಿಗುವುದಿಲ್ಲ ಎಂಬುದು ಗೊತ್ತಿರುವ ಮಾತು, ಮತ್ತು ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘವಾದ ಎಶ್ರೆಯ 2022ರ ಮಾರ್ಗಸೂಚಿಯೂ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವುದು) ಮಾಡಿಯೇ ಚಿಕಿತ್ಸೆ ಶುರುವಾಗಬೇಕೆಂಬ ಹಟವನ್ನು ಬಿಟ್ಟಿದೆ. ಹಾರ್ಮೋನ್ ಮಾತ್ರೆ ಡೈನೊಜೆಸ್ಟ್ 2 ಮಿಲಿಗ್ರಾಂ ತಿಂಗಳಿಗೆ ಸಾವಿರ ರೂಪಾಯಿಯ ಸುತ್ತಮುತ್ತ ಬೀಳುತ್ತದೆ, ಎರಡನೆಯ ತಿಂಗಳಿಗೇ ಅನೇಕರು ನಿಲ್ಲಿಸುತ್ತಾರೆ. ಸದ್ಯಕ್ಕೆ ಮಗು ಬೇಡವೆನ್ನುವ ಬಡವರಿಗೆ ನಾನು ಕಂಡುಕೊಂಡ ದಾರಿ ಸರ್ಕಾರದ ಗರ್ಭನಿರೋಧಕ ‘ಅಂತರಾ’ ಚುಚ್ಚುಮದ್ದು: ಮೂರು ತಿಂಗಳಿಗೊಮ್ಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮುಟ್ಟು ಏರುಪೇರಾಗುತ್ತದೆ, ನಿಲ್ಲಲೂಬಹುದು, ಬಿಟ್ಟ ಮೇಲೆ ಗರ್ಭ ನಿಲ್ಲಲು ತಡವಾಗಬಹುದು ಎಂದು ಮೊದಲೇ ಅತ್ತೆಯ ಎದುರಿಗೂ ಹೇಳಿಬಿಡಬೇಕು. ಹೇಳದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯಿತೆಂದು ಎರಡನೆಯ ಡೋಸ್‌ಗೆ ಯಾರೂ ಬರುವುದಿಲ್ಲ.

ಮೂರು ತಿಂಗಳ ಹಾರ್ಮೋನ್‌ಗೆ ಬಗ್ಗದಿದ್ದರೆ, ಮಕ್ಕಳಾಗುವ ಪ್ರಶ್ನೆಯೂ ಜೊತೆಗಿದ್ದರೆ ಲ್ಯಾಪರೊಸ್ಕೋಪಿ. ನಮ್ಮಲ್ಲಿ ಮೂವತ್ತು ನಲವತ್ತು ಸಾವಿರದ ಮಾತದು, ಅದೂ ದೊಡ್ಡ ಪಾಲಿನಲ್ಲಿ ಒಳಗೆ ಏನೂ ಕಾಣದೆ ಮುಗಿಯುವಂಥದ್ದು. ಕಾಣದಿದ್ದರೂ ನೋವು ಸುಳ್ಳಲ್ಲ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ. ಹೊಟ್ಟೆಯೊಳಗೆ ಅಂಗಗಳ ನಡುವೆ ಕಟ್ಟಿದ ಅಂಟುಗಳನ್ನು ಬಿಡಿಸಿದರೆ ನೋವು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2003ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಅಂಟು ಬಿಡಿಸಿದವರಿಗೂ ಬರೀ ಒಳಗೆ ನೋಡಿ ಬಂದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವಿಗೆಂದೇ ನಾನು ಅಂಟು ಬಿಡಿಸುವುದನ್ನು ನಿಲ್ಲಿಸಿದ್ದೇನೆ.

ಫಲಿಸದ ಪ್ರಯೋಗಗಳೂ ಇವೆ. ಎಲ್ಲರೂ ಬರೆಯುವ ನರನೋವಿನ ಮಾತ್ರೆ ಗ್ಯಾಬಪೆಂಟಿನ್ ನಾನೂ ಬರೆಯುತ್ತಿದ್ದೆ; ತಲೆಸುತ್ತು, ತೂಕಡಿಕೆಯಿಂದ ಹೊಲದ ಕೆಲಸ ಕೆಡುತ್ತದೆ ಎಂಬ ದೂರು ಹೆಚ್ಚಿತು. 2020ರಲ್ಲಿ 306 ಮಹಿಳೆಯರ ಬ್ರಿಟನ್ನಿನ ಅಧ್ಯಯನವು, ಲ್ಯಾಪರೊಸ್ಕೋಪಿಯಲ್ಲಿ ಕಾರಣ ಕಾಣದ ನೋವಿಗೆ ಅದು ಹುಸಿ ಮಾತ್ರೆಗಿಂತ ಮೇಲಲ್ಲ ಎಂದು ತೋರಿಸಿದ ಮೇಲೆ ಪೂರ್ತಿ ಬಿಟ್ಟೆ. ಖಿನ್ನತೆಗೂ ನೋವಿಗೂ ಬಳಸುವ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ರಾತ್ರಿಗೆ ಈಗಲೂ ಕೊಡುತ್ತೇನೆ, ಅಗ್ಗವಾಗಿದೆ, ನಿದ್ದೆ ಬರಿಸುತ್ತದೆ, ಮಲಬದ್ಧತೆ ಇರುವವರಿಗೆ ಮಾತ್ರ ಬೇಡ. ನೋವಿನ ದಿನಚರಿ ಎಂದು ನಾಲ್ಕು ಪುಟದ ಪುಸ್ತಿಕೆ ಮುದ್ರಿಸಿ ಹಂಚಿದೆ, ಏಳೆಂಟು ಸಾವಿರ ಕೈಬಿಟ್ಟಿತು, ತುಂಬಿ ತಂದವರು ಬೆರಳೆಣಿಕೆಯಷ್ಟು. ಈಗ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿಗೆ ಕೆಂಪು ಚುಕ್ಕೆ, ಕೆಲಸ ತಪ್ಪಿಸಿದ ನೋವಿಗೆ ಕಪ್ಪು ಗೀಟು ಹಾಕಲು ಹೇಳುತ್ತೇನೆ. ಎರಡು ತಿಂಗಳ ಆ ಹಾಳೆಯ ಫೋಟೋ ವಾಟ್ಸಾಪ್‌ನಲ್ಲಿ ಬಂದರೆ, ನೋವು ಮುಟ್ಟಿನ ಬೆನ್ನು ಹತ್ತಿದೆಯೋ ಇಲ್ಲವೋ ಒಂದೇ ನೋಟಕ್ಕೆ ಕಾಣುತ್ತದೆ.

ಗಂಡನನ್ನು ಹೊರಗೆ ಕೂರಿಸಿ ಮಾತಾಡುವುದು ಅತ್ಯಗತ್ಯ. ಹೊಡೆತ, ಬಲವಂತ, ಹಳೆಯ ಗರ್ಭಪಾತದ ಭಯ ಆ ಹತ್ತು ನಿಮಿಷದಲ್ಲಿ ಹೊರಬರುತ್ತವೆ. ಅವನಿಗೆ ಅನುಮಾನ ಬರದಂತೆ ಹೊರಗೆ ಕಳುಹಿಸುವ ನನ್ನ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಗಂಡಂದಿರೂ ಓದಬಹುದು.

ಇನ್ನು ಗಳಿಕೆಯ ಮಾತು. ಗರ್ಭಕೋಶ ತೆಗೆಯುವ ಒಂದು ಶಸ್ತ್ರಚಿಕಿತ್ಸೆಯಿಂದ ನರ್ಸಿಂಗ್ ಹೋಮಿಗೆ ಬರುವಷ್ಟು ಹಣ ಗುರುವಾರದ ಮೂವತ್ತು ನಲವತ್ತು ರೋಗಿಗಳಿಂದ ಬರುತ್ತದೆ. ಮೊದಲ ಎರಡು ವರ್ಷ ಆ ಮಧ್ಯಾಹ್ನ ನಷ್ಟದಲ್ಲಿಯೇ ನಡೆಯಿತು, ಹೆರಿಗೆಯ ಆದಾಯದಿಂದ ತುಂಬಿಕೊಂಡೆ. ಮೊದಲ ಭೇಟಿಗೆ ಐನೂರು ತೆಗೆದುಕೊಂಡು ಮುಂದಿನ ಎರಡು ಭೇಟಿಗಳನ್ನು ಅದರಲ್ಲಿಯೇ ಸೇರಿಸಿದ ಮೇಲೆ ಮರಳಿ ಬರುವವರು ಹೆಚ್ಚಿದರು. ನೋವಿಗಾಗಿ ಗರ್ಭಕೋಶ ತೆಗೆಯುವುದನ್ನು ಪೂರ್ತಿ ನಿಲ್ಲಿಸಿಲ್ಲ. ಒಳಪದರವು ಗರ್ಭಕೋಶದ ಸ್ನಾಯುವಿನೊಳಗೇ ಬೆಳೆಯುವ ಅಡಿನೊಮಯೋಸಿಸ್ ಸ್ಪಷ್ಟವಾಗಿದ್ದು, ಮಕ್ಕಳ ಯೋಚನೆ ಮುಗಿದಿದ್ದು, ಔಷಧಗಳು ಸೋತಿದ್ದರೆ ಮಾಡುತ್ತೇನೆ. ವರ್ಷಕ್ಕೆ ಹದಿನೈದಿಪ್ಪತ್ತು ಮಾಡುತ್ತಿದ್ದವಳು ಈಗ ಮೂರು ನಾಲ್ಕಕ್ಕೆ ಇಳಿದಿದ್ದೇನೆ. ಗುರುವಾರದ ಪಟ್ಟಿ ಈಗ ಮೂರು ವಾರ ಮುಂಚೆಯೇ ತುಂಬುತ್ತದೆ, ಹಿರಿಯೂರು ಹೊಸದುರ್ಗದಿಂದಲೂ ಬರುತ್ತಾರೆ. ಬರುವ ತಿಂಗಳಿನಿಂದ ಸೋಮವಾರ ಮಧ್ಯಾಹ್ನವನ್ನೂ ಇದಕ್ಕೇ ಬಿಡುತ್ತಿದ್ದೇನೆ.