ಪುತ್ತರಿ ಅಡುಗೆ ಪಟ್ಟಿಗೆ ನಾನು ಹಾಕಿದ ಕತ್ತರಿ

ಮೊದಲ ವರ್ಷ ನನ್ನ ಪಟ್ಟಿಯಲ್ಲಿ 14 ಐಟಂ ಇದ್ದವು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಅದನ್ನು ನೋಡಿದ ಮಾವಿ, ಅಂದರೆ ನನ್ನ ಅತ್ತೆ, ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಆಗಲೇ ನನಗೆ ಅರ್ಥ ಆಗಬೇಕಿತ್ತು.

ನಾನು ಸಕಲೇಶಪುರದ ಕಡೆಯವಳು. ಮದುವೆಯಾಗಿ ಬಂದಿದ್ದು ಕೊಡಗಿನ ಗೋಣಿಕೊಪ್ಪಲಿನ ಹತ್ತಿರ ಒಂದು ತೋಟದ ಮನೆಗೆ. ಇಲ್ಲಿ ಅತ್ತೆಗೆ ಮಾವಿ ಅಂತಾರೆ. ಅವರಿಗೆ ಮಂಡಿನೋವು ಜಾಸ್ತಿಯಾಗಿ ಒಲೆ ಮುಂದೆ ನಿಲ್ಲೋಕೆ ಆಗದ ವರ್ಷ ಪುತ್ತರಿ ಅಡುಗೆ ನನ್ನ ಕೈಗೆ ಬಂತು. ಕಡುಬು, ಒತ್ತುಶ್ಯಾವಿಗೆ ತಿಂದು ಬೆಳೆದವಳು ನಾನು, ಇಲ್ಲಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಒತ್ತಿದ ಶ್ಯಾವಿಗೆ) ಏನು ಮಹಾ ಅಂತ ಧೈರ್ಯ. ಬೆಂಗಳೂರಿನಿಂದ ಬರುವವರೂ ಸೇರಿ 24 ಜನ.

ಪುತ್ತರಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಹೊಸ ಭತ್ತ ಮನೆಗೆ ತರುವ ಹಬ್ಬ, ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುತ್ತೆ, ಮತ್ತು ಇದು ರಾತ್ರಿಯ ಹಬ್ಬ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ನಿಗದಿ ಮಾಡುವಾಗಲೇ ಮೂರು ಹೊತ್ತನ್ನೂ ಹೇಳುತ್ತಾರೆ: ನೆರೆ (ಎಲೆಗಳ ಕಟ್ಟು) ಕಟ್ಟೋದು ಯಾವಾಗ, ಕದಿರು ತೆಗೆಯೋದು (ಗದ್ದೆಯಲ್ಲಿ ಹೊಸ ಭತ್ತದ ತೆನೆ ಕೊಯ್ಯೋದು) ಯಾವಾಗ, ಊಟ ಯಾವಾಗ. ಒಂದಕ್ಕೂ ಇನ್ನೊಂದಕ್ಕೂ ಸುಮಾರು ಒಂದು ಗಂಟೆ ಅಂತರ ಇರುತ್ತೆ. ಅಂದರೆ ಊಟದ ಟೈಮ್ ನಮ್ಮ ಕೈಯಲ್ಲಿಲ್ಲ. ಹಬ್ಬದ ಅಡುಗೆ ಅಂದ ತಕ್ಷಣ ನಾವೆಲ್ಲ ಏನೇನು ಮಾಡೋದು ಅಂತ ಶುರು ಮಾಡ್ತೀವಿ ಅಲ್ವಾ, ನಾನೂ ಅದನ್ನೇ ಮಾಡಿದ್ದೆ. ಗಡಿಯಾರ ನೋಡಿರಲಿಲ್ಲ.

ಆ ರಾತ್ರಿ ಆಗಿದ್ದು ಇಷ್ಟು. ನೆರೆ ಕಟ್ಟಿ ಎಲ್ಲರೂ ಗದ್ದೆಗೆ ಹೊರಟಾಗ ನಾನು ನೂಪುಟ್ಟು ಒತ್ತುತ್ತಾ ಇದ್ದೆ. ಇದರ ಕಷ್ಟ ಒತ್ತಿದವರಿಗೇ ಗೊತ್ತು. ಬೇಯಿಸಿದ ಉಂಡೆ ಬಿಸಿ ಇರುವಾಗಲೇ ಶ್ಯಾವಿಗೆ ಒರಳಿಗೆ ಹಾಕಬೇಕು, ಸ್ವಲ್ಪ ಆರಿದರೂ ಹಿಡಿ ಕೆಳಗೆ ಇಳಿಯೋದೇ ಇಲ್ಲ. ಒಬ್ಬರು ಉಂಡೆ ತೆಗೆಯೋಕೆ, ಒಬ್ಬರು ಒತ್ತೋಕೆ, ಒಬ್ಬರು ಎಳೆ ಹಿಡಿಯೋಕೆ, ಹೀಗೆ ಮೂರು ಜನ ಬೇಕು. ಇದ್ದವಳು ನಾನೊಬ್ಬಳೇ. ಒಂದು ಕಡೆ ಪಾಯಸ ತಳ ಹಿಡಿಯುತ್ತಿದೆ, ಇನ್ನೊಂದು ಕಡೆ ಒರಳಿನ ಹಿಡಿ ಮೇಲೆ ನಾನೇ ನೇತಾಡುತ್ತಿದ್ದೇನೆ. ಅಷ್ಟರಲ್ಲಿ ಗದ್ದೆ ಕಡೆಯಿಂದ ಕೋವಿ ಸದ್ದು, ಅದರ ಹಿಂದೆ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ ದೇವಾ) ಅನ್ನೋ ಕೂಗು. ಕದಿರು ತೆಗೆದಾಯ್ತು. ಮದುವೆಯಾದ ಮೇಲೆ ನಾನು ಪುತ್ತರಿಗೆ ಊರಲ್ಲಿದ್ದದ್ದು ಅದೇ ಮೊದಲು. ನೋಡಲೇ ಇಲ್ಲ. ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಅಡುಗೆಮನೆ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ ಅಷ್ಟೇ.

ಮರುವರ್ಷ ಪಟ್ಟಿ ಬರೆಯುವ ಮೊದಲು ಗೆರೆ ಎಳೆದೆ. ನೆರೆ ಕಟ್ಟುವ ಹೊತ್ತಿನಿಂದ ಕದಿರು ಮನೆಗೆ ಬರುವವರೆಗೆ ಒಲೆ ಮುಂದೆ ಯಾರೂ ಇರಬಾರದು. ಆ ಹೊತ್ತಲ್ಲಿ ಕೈ ಬೇಡುವ ಅಡುಗೆ ಯಾವುದೇ ಆಗಲಿ, ಎಷ್ಟೇ ರುಚಿಯಾಗಿರಲಿ, ಪಟ್ಟಿಯಿಂದ ಹೊರಗೆ. ನೂಪುಟ್ಟು ಮೊದಲು ಹೋಯಿತು. ಅಕ್ಕಿರೊಟ್ಟಿಯೂ ಹೋಯಿತು, ಯಾಕಂದ್ರೆ 24 ಜನಕ್ಕೆ ಬಿಸಿ ರೊಟ್ಟಿ ಅಂದರೆ ಒಬ್ಬರು ಊಟಕ್ಕೇ ಕೂರೋದಿಲ್ಲ. ನೂಪುಟ್ಟಿನ ಜಾಗಕ್ಕೆ ಪಾಪುಟ್ಟು ಬಂತು. ಅಕ್ಕಿ ತರಿಗೆ ಹಾಲು, ನೀರು, ತೆಂಗಿನತುರಿ, ಉಪ್ಪು, ಒಂಚೂರು ಸಕ್ಕರೆ ಸೇರಿಸಿ ತಟ್ಟೆಗೆ ಹೊಯ್ದು ಹಬೆಯಲ್ಲಿ ಬೇಯಿಸೋದು. ಸಂಜೆ ಆರಕ್ಕೇ ಮಾಡಿ ಮುಚ್ಚಿಟ್ಟು, ಊಟದ ಹೊತ್ತಿಗೆ ಐದು ನಿಮಿಷ ಹಬೆ ತೋರಿಸಿದರೆ ಈಗ ತಾನೇ ಇಳಿಸಿದ ಹಾಗಿರುತ್ತೆ. ಜೊತೆಗೆ ಸಿಹಿಗುಂಬಳದ ಕರಿ, ಅದು ಕಾದಷ್ಟೂ ರುಚಿ.

ಪುತ್ತರಿ ರಾತ್ರಿ ನಮ್ಮ ಮನೆಯಲ್ಲಿ ಮಾಂಸ ಮಾಡೋದಿಲ್ಲ. ಬಿಡೋಕಾಗದ್ದು ಮೂರು: ತಂಬಿಟ್ಟು, ಪುತ್ತರಿ ಗೆಣಸು, ಪಾಯಸ. ಗೆಣಸು ಸುಲಭ. ಒಳಗೆ ನೇರಳೆ ಬಣ್ಣ ಇರುವ ಗೆಣಸು, ಗೋಣಿಕೊಪ್ಪಲಿನ ಭಾನುವಾರದ ಸಂತೆಯಲ್ಲಿ ಹಬ್ಬದ ಮುಂಚೆ ಸಿಗುತ್ತೆ. ಮಣ್ಣು ತೊಳೆದು, ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ (ಇಲ್ಲಾಂದ್ರೆ ತುರಿಕೆ ಗ್ಯಾರಂಟಿ), ನಾಲ್ಕು ಗಂಟೆಗೇ ಬೇಯಿಸಿಟ್ಟರೆ ಆಯ್ತು. ಜೇನುತುಪ್ಪದ ಬಾಟಲಿ ಪಕ್ಕದಲ್ಲಿಡಿ.

ತಂಬಿಟ್ಟು ಮಾತ್ರ ಸುಲಭ ಅಂತ ಕಾಣಿಸಿ ಕೈಕೊಡುವ ಜಾತಿ. ಮೊದಲ ವರ್ಷ ಕೆಲಸ ಮುಗಿಯಲಿ ಅಂತ ಮಧ್ಯಾಹ್ನವೇ ಬಾಳೆಹಣ್ಣು ಕಿವುಚಿ ಪುಡಿ ಕಲಸಿಟ್ಟೆ. ರಾತ್ರಿ ನೋಡಿದರೆ ಕಪ್ಪಗೆ, ಅಂಚಿನಲ್ಲಿ ನೀರು ಬಿಟ್ಟುಕೊಂಡು ಕೂತಿತ್ತು. ತಿಂದರು, ಪಾಪ. ಈಗ ಪುಡಿಯನ್ನು ಒಂದು ವಾರ ಮೊದಲೇ ಮಾಡಿಡ್ತೀನಿ. ಕುಸುಬಲಕ್ಕಿಯನ್ನು ಒಂದಿಷ್ಟು ಮೆಂತ್ಯ, ಏಲಕ್ಕಿ ಜೊತೆ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಆರಿಸಿ, ಪುಡಿ ಮಾಡಿ ಡಬ್ಬಿಗೆ. ಎಳ್ಳು ಹುರಿದು ಬೇರೆ ಡಬ್ಬಿಗೆ. ಹಣ್ಣು ಮಾತ್ರ ಕದಿರು ಮನೆಗೆ ಬಂದ ಮೇಲೆಯೇ ಸುಲಿಯೋದು. 30 ಪುಟ್ಟಬಾಳೆ, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು. ಇಬ್ಬರು ಕಿವುಚುತ್ತಾರೆ, ಒಬ್ಬರು ಪುಡಿ ಉದುರಿಸುತ್ತಾರೆ. ಅಳತೆ ಏನಿಲ್ಲ, ಹಣ್ಣು ಕುಡಿದಷ್ಟು ಪುಡಿ. ಬೆರಳಿಗೆ ಅಂಟಬೇಕು, ಬೆರಳಿಂದ ಇಳಿಯಬಾರದು. ಮೇಲೆ ತೆಂಗಿನತುರಿ, ಎಳ್ಳು, ಮಧ್ಯದಲ್ಲಿ ಗುಳಿ ಮಾಡಿ ತುಪ್ಪ. ಹತ್ತೇ ನಿಮಿಷ. ಇಡೀ ರಾತ್ರಿಗೆ ಕೊನೆ ಗಳಿಗೆಯ ಅಡುಗೆ ಇದೊಂದೇ ಇರಲಿ ಅಂತ ಬೇಕಂತಲೇ ಇಟ್ಟುಕೊಂಡೆ, ಆಗ ಮಕ್ಕಳ ಕೈಗೂ ಕೆಲಸ ಸಿಗುತ್ತೆ.

ಪಾಯಸಕ್ಕೆ ಹಳೇ ಅಕ್ಕಿಯೇ. ಹೊಸ ಭತ್ತ ಹಸಿ ಇರುತ್ತೆ. ತಂದ ಕದಿರಿನಿಂದ ಒಂದಷ್ಟು ಕಾಳು ಬಿಡಿಸಿ, ಉಗುರಿನಲ್ಲಿ ಸಿಪ್ಪೆ ತೆಗೆದು ಪಾಯಸಕ್ಕೆ ಹಾಕ್ತೀವಿ. ಅದಕ್ಕೇ ಪಾಯಸವನ್ನು ಸ್ವಲ್ಪ ತೆಳ್ಳಗೆ ಇಳಿಸಿಡಬೇಕು. ಮತ್ತೆ ಕುದಿಸುವಾಗ ಹೇಗಿದ್ದರೂ ಗಟ್ಟಿಯಾಗುತ್ತೆ.

ಇನ್ನೊಂದು ವಿಷಯ ಯಾರೂ ಪಟ್ಟಿಯಲ್ಲಿ ಬರೆಯೋದಿಲ್ಲ. ರಾತ್ರಿ ಊಟ ತಡ ಆಗುತ್ತೆ, ನಮ್ಮಲ್ಲಿ ಎಲೆ ಮುಂದೆ ಕೂತಾಗ ಹತ್ತು ದಾಟಿರುತ್ತೆ. ಬೆಂಗಳೂರಿನ ಮಕ್ಕಳು ಎಂಟಕ್ಕೇ ಅಳೋಕೆ ಶುರು. ಏಳು ಗಂಟೆಗೆ ಎಲ್ಲ ಮಕ್ಕಳಿಗೂ ಅನ್ನ, ಸಾರು ಕೊಟ್ಟು ಮುಗಿಸ್ತೀನಿ. ಹಿರಿಯರಲ್ಲೂ ಒಂದಿಬ್ಬರು ಆ ಕಡೆ ಸುಳಿದಾಡ್ತಾರೆ, ನೋಡಿಯೂ ನೋಡದ ಹಾಗೆ ಇರ್ತೀನಿ.

ಮರುದಿನ ರಾತ್ರಿ ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು. ಇದಕ್ಕೆ ಮುಹೂರ್ತದ ಕಾಟ ಇಲ್ಲ, ಲೆಕ್ಕದ ಕಾಟ ಇದೆ. ನಾನು ಒಬ್ಬರಿಗೆ ಕಾಲು ಕೆಜಿ ಮಾಂಸ ಅಂತ ಹಿಡಿಯೋದು, 24 ಜನಕ್ಕೆ 6 ಕೆಜಿ, ಚರ್ಮ ಕೊಬ್ಬು ಸಮೇತ. ಬೆಳಿಗ್ಗೆಯೇ ಮಾಡಿ ಇಳಿಸ್ತೀನಿ, ಸಂಜೆ ಹೊತ್ತಿಗೆ ಮಸಾಲೆ ಒಳಗೆ ಇಳಿದಿರುತ್ತೆ. ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಲಿ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯ ಕಪ್ಪಾಗುವವರೆಗೆ ಹುರಿಯಬೇಕು, ಸೀದು ಹೋಗುವ ಒಂದು ಗಳಿಗೆ ಮುಂಚೆ ಇಳಿಸಬೇಕು. ಕಾಚಂಪುಳಿ ಕೊನೆಗೆ. ಪನಪುಳಿ ಹಣ್ಣಿನ ರಸ ಇಳಿಸಿ ಕುದಿಸಿ ಕುದಿಸಿ ಟಾರಿನ ಹಾಗೆ ಕಪ್ಪು ಮಾಡಿರುವ ಹುಳಿ ಅದು. ಒಂದು ಕೆಜಿಗೆ ಒಂದು ದೊಡ್ಡ ಚಮಚ ಅಂತ ಯಾರೋ ಹೇಳಿದ್ದನ್ನು ನಂಬಿ ಆರು ಚಮಚ ಒಟ್ಟಿಗೇ ಸುರಿದಿದ್ದೆ. ಬಾವ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಮನೆಯಲ್ಲಿ ಮಾಡಿದ್ದು ಒಂದೊಂದು ಸಲ ಒಂದೊಂದು ಥರ ಗಡುಸು. ಈಗ ಮೂರು ಚಮಚ ಹಾಕಿ, ಕುದಿಸಿ, ರುಚಿ ನೋಡಿ ಆಮೇಲೆ ಮುಂದಿನದು.

ಕಡಂಬುಟ್ಟಿಗೆ ಎರಡು ಕೆಜಿ ತರಿ ಸಾಕು, ಎಂಬತ್ತಕ್ಕೂ ಜಾಸ್ತಿ ಆಗುತ್ತೆ. ಒಂದು ಅಳತೆ ತರಿಗೆ ಎರಡು ಅಳತೆ ನೀರು. ತರಿ ಜರಡಿ ಹಿಡಿದು ಹಿಟ್ಟು ತೆಗೆಯೋದನ್ನು ಮಾತ್ರ ಮರೀಬೇಡಿ, ಹಿಟ್ಟು ಉಳಿದರೆ ಉಂಡೆ ಅಂಟಂಟು. ಉಂಡೆ ಕಟ್ಟೋಕೆ ಎಲ್ಲರನ್ನೂ ಊಟದ ಮೇಜಿಗೆ ಕೂರಿಸ್ತೀನಿ, ಮಧ್ಯೆ ಒಂದು ಬಟ್ಟಲು ನೀರು. ಗಂಡಸರನ್ನೂ. ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ಕಟ್ಟಬೇಕು. ಒಬ್ಬೊಬ್ಬರದು ಒಂದೊಂದು ಸೈಜು, ಬೇಯೋಕೆ ಎಲ್ಲಕ್ಕೂ ಸುಮಾರು 25 ನಿಮಿಷ. ಉಳಿದದ್ದನ್ನು ಬೆಳಿಗ್ಗೆ ಹೋಳು ಮಾಡಿ ತುಪ್ಪದಲ್ಲಿ ಕೆಂಪಗೆ ಹುರಿದರೆ ತಿಂಡಿ ಆಯ್ತು. ಅದಕ್ಕಾಗಿಯೇ ಹತ್ತು ಜಾಸ್ತಿ ಮಾಡೋದು.

ಈ ಸಲ ನೆರೆ ಕಟ್ಟಿದ ಮೇಲೆ ಒಲೆ ಆರಿಸಿ ನಾನೂ ಗದ್ದೆಗೆ ಹೋದೆ. ಮಾವಿಗೆ ಏರಿಯಲ್ಲಿ ಒಂದು ಕುರ್ಚಿ ಹಾಕಿದ್ದೆವು. ಇಬ್ಬನಿ ಬಿದ್ದು ಸೀರೆ ಅಂಚೆಲ್ಲ ಒದ್ದೆ. ಕೋವಿ ಸದ್ದಿಗೆ ನಾನು ಬೆಚ್ಚಿಬಿದ್ದೆ, ಇಷ್ಟು ಹತ್ತಿರದಿಂದ ಕೇಳಿರಲೇ ಇಲ್ಲ. ವಾಪಸ್ ಬರುವಾಗ ಮಾವಿ ನನ್ನ ಕೈ ಹಿಡಿದುಕೊಂಡು ನಿಧಾನಕ್ಕೆ ನಡೆಯುತ್ತಾ, ಮುಂದಿನ ವರ್ಷ ನೂಪುಟ್ಟು ಮಾಡೋಣ್ವಾ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ, ಸುಮ್ನೆ ನಕ್ಕೆ.